ಎಬ್ಬಿಸುವ ಗುತ್ಯಮ್ಮ

ಕೂತವರನ್ನು ಕಂಡರೆ ಗುತ್ಯಮ್ಮನಿಗೆ ಆಗುವುದಿಲ್ಲ. ಮಲಗಿದವರನ್ನು ಕಂಡರಂತೂ ಕೇಳುವುದೇ ಬೇಡ. ಸಾಗರದಿಂದ ಹೊಸನಗರಕ್ಕೆ ಹೋಗುವ ಬಸ್ಸಿನಲ್ಲಿ ಕೆರೆ ಏರಿಯ ಹತ್ತಿರ ಇಳಿದು ಒಳಗೆ ನಡೆದರೆ ಸಿಗುವ ಕೇರಿಯಲ್ಲಿ ಅವಳ ಮನೆ. ಕೇರಿಯ ನಾಯಿಗಳು ಕೂಡ ಅವಳ ಅಂಗಳದಲ್ಲಿ ಮಲಗುವ ಧೈರ್ಯ ಮಾಡುವುದಿಲ್ಲ. ಕಣ್ಣು ಎಳೆದಾಗ ಪಕ್ಕದ ಶೇಷಮ್ಮನ ಅಂಗಳಕ್ಕೆ ಹೋಗಿ ಬಿದ್ದುಕೊಳ್ಳುತ್ತವೆ. ಮಗ ಮಂಜುನಾಥಪ್ಪನ ಮಾತು ನಂಬುವುದಾದರೆ, ಅವನು ತೊಟ್ಟಿಲಲ್ಲಿದ್ದಾಗ ಅವ್ವ ಜೋಗುಳ ಹಾಡಿದರೆ ನಿದ್ದೆ ಹತ್ತಿದ ಮಗುವೂ ಎದ್ದು ಕೂರುತ್ತಿತ್ತು. ತೊಟ್ಟಿಲಲ್ಲಿದ್ದವನಿಗೆ ಇದೆಲ್ಲ ಹೇಗೆ ನೆನಪಿದೆ ಎಂದು ಕೇಳಿದವರಿಗೆ ಅವನು, "ಆಗ್ಲಿಂದ ಸರಿಯಾಗಿ ನಿದ್ದೆನೇ ಬಂದಿಲ್ಲ ಮಾರಾಯ್ರೇ, ಮರೆಯೋದು ಹೆಂಗೆ" ಎನ್ನುತ್ತಾನೆ. 'ಮಲಗು' ಎಂಬ ಮಾತು ಗುತ್ಯಮ್ಮನ ಬಾಯಿಂದ ಬಂದದ್ದನ್ನು ಕೇಳಿದವರು ಕೇರಿಯಲ್ಲಿ ಯಾರೂ ಇರಲಿಲ್ಲ.

ಅವಳೇ ಕೂರುವುದಾದರೂ ತುದಿಗಾಲಲ್ಲಿ, ಇನ್ನೇನು ಏಳುತ್ತೇನೆ ಎನ್ನುವ ಹಾಗೆ. ಗೋಡೆಗೆ ಒರಗಿದ್ದನ್ನು ಯಾರೂ ನೋಡಿಲ್ಲ. "ಗೋಡೆಗೆ ಬೆನ್ನು ಕೊಟ್ರೆ ಗೋಡೆ ಬೆನ್ನು ತಿಂತದೆ" ಎಂದು ಒಂದು ಗಾದೆ ಬೇರೆ ಹೇಳುತ್ತಾಳೆ. ಅಂಥ ಗಾದೆಯೇ ಇಲ್ಲ ಎಂದು ಶೇಷಮ್ಮ ಎಷ್ಟು ಸಲ ಹೇಳಿದರೂ ಅವಳು ಹೇಳುವುದನ್ನು ಬಿಟ್ಟಿಲ್ಲ.

ಇದರ ಹಿಂದೆ ಒಂದು ಕಾರಣ ಇತ್ತು. ಮಗ ಇನ್ನೂ ತೊಟ್ಟಿಲಲ್ಲಿದ್ದಾಗ ಅವಳ ಗಂಡ ನಾಗರಾಜಪ್ಪ ಒಂದು ಮಧ್ಯಾಹ್ನ ಗದ್ದೆಯಿಂದ ಬಂದು, "ಚೂರು ಮಲಗ್ತೀನಿ, ಕಾಫಿ ಹೊತ್ತಿಗೆ ಎಬ್ಬಿಸು" ಎಂದು ಚಾಪೆ ಹಾಸಿಕೊಂಡವನು ಕಾಫಿ ಹೊತ್ತಿಗೆ ಏಳಲಿಲ್ಲ. ಅವತ್ತಿನಿಂದ ಗುತ್ಯಮ್ಮ ಎಲ್ಲರನ್ನೂ ಎಬ್ಬಿಸುತ್ತಾ ಇದ್ದಾಳೆ. ಅವಳಿಗೆ ಅದು ಹೆದರಿಕೆ. ಕೇರಿಯವರಿಗೆ ಅದು ಬೈಗುಳದಂತೆ ಕೇಳುತ್ತದೆ, ಅಷ್ಟೆ.

ಆದರೆ ಈ ಎಬ್ಬಿಸುವ ಗುಣಕ್ಕೆ ಹೆಸರೂ ಬಂದಿತ್ತು. ಜ್ವರ ಬಿಟ್ಟ ಮೈಯನ್ನು ಮಲಗಲು ಬಿಟ್ಟರೆ ಜ್ವರಕ್ಕೇ ಚಾಪೆ ಹಾಸಿಕೊಟ್ಟ ಹಾಗೆ ಎನ್ನುವುದು ಅವಳ ಸಿದ್ಧಾಂತ. ಗಂಜಿ, ಒಳ್ಳೆಮೆಣಸಿನ ಸಾರು, ಬಿಸಿನೀರಿನ ಸ್ನಾನ, ಅದಾದ ಮೇಲೆ ಕೈಗೊಂದು ಸಣ್ಣ ಕೆಲಸ. ಮಂಗನ ಕಾಯಿಲೆಯಿಂದ ಬದುಕಿ ಬಂದ ಶೇಷಮ್ಮನ ಗಂಡ ಚಂದ್ರಯ್ಯನಿಗೆ ಬಿದಿರು ಸೀಳಲು ಕೊಟ್ಟು ಕೂರಿಸಿದವಳು ಅವಳೇ. ಚಂದ್ರಯ್ಯ ಅಳುತ್ತಾ ಸೀಳಿದ, ಆದರೆ ಎದ್ದು ಓಡಾಡಿದ. ಕೊರೊನಾ ಬಂದಾಗ ಅವಳಿಗೂ ಬಂತು. ಕೆಮ್ಮು ಪೂರ್ತಿ ನಿಲ್ಲುವ ಮೊದಲೇ ಸೊಪ್ಪಿನ ಹೊರೆ ಹೊತ್ತು ಬಂದು, "ಅದು ನನ್ನ ನೋಡಿ ಸುಸ್ತಾಗಿ ಹೋಯ್ತು" ಎಂದಳು. ಕೇರಿ ನಂಬಿತು.

ಆ ಮನೆಯಲ್ಲಿ ಅವಳ ಪಕ್ಕಾ ಶಿಷ್ಯೆ ಎಂದರೆ ಮೊಮ್ಮಗಳು ಕಾವ್ಯಾ. ಮಂಜುನಾಥಪ್ಪ ಲಗೇಜ್ ಆಟೊ ಓಡಿಸುತ್ತಾನೆ, ಅವನ ಹೆಂಡತಿ ಶ್ಯಾಮಲಾ ಬಟ್ಟೆ ಹೊಲಿಯುತ್ತಾಳೆ. ಅಪ್ಪ ಅಮ್ಮ ಇಬ್ಬರಿಗೂ ಬೆಳಗಿನ ನಿದ್ದೆ ಎಂದರೆ ಪ್ರಾಣ. ಕಾವ್ಯಾ ಮಾತ್ರ ಕೋಳಿಗಿಂತ ಮೊದಲು ಏಳುತ್ತಿದ್ದಳು. ಅಜ್ಜಿ ಮೊಮ್ಮಗಳು ಸೇರಿ ಅಂಗಳ ಗುಡಿಸಿ, ದನ ಬಿಟ್ಟು, ಉಳಿದ ಇಬ್ಬರನ್ನು ಎಬ್ಬಿಸುವುದರಲ್ಲಿ ಒಂದು ಖುಷಿ ಪಡುತ್ತಿದ್ದರು.

ಕಾವ್ಯಾ ಎಂಟನೇ ಕ್ಲಾಸಿನಲ್ಲಿದ್ದಾಗ, ಮೂರನೇ ಅಲೆ ಅಂದರಲ್ಲ, ಆಗ ಅವಳಿಗೆ ಜ್ವರ ಬಂತು. ದೊಡ್ಡದೇನಲ್ಲ. ಮೈಕೈ ನೋವು, ಗಂಟಲು ಕೆರೆತ, ಆಮೇಲೆ ಎದ್ದು ಶಾಲೆಗೆ ಹೋದಳು. ಎಲ್ಲರೂ ಮರೆತೂ ಬಿಟ್ಟರು. ಬೇಸಿಗೆ ಹತ್ತಿರ ಬರುವಾಗ ಒಂದು ಬೆಳಗ್ಗೆ ಅಂಗಳ ಗುಡಿಸುತ್ತಿದ್ದ ಹುಡುಗಿ ಅರ್ಧದಲ್ಲಿ ಪೊರಕೆ ಹಿಡಿದುಕೊಂಡೇ ಕೂತುಬಿಟ್ಟಳು.

"ಎಂತಾಯ್ತೇ?" ಎಂದಳು ಗುತ್ಯಮ್ಮ.

"ಗೊತ್ತಿಲ್ಲ ಅಜ್ಜಿ. ಕೈಯೇ ಏಳ್ತಾ ಇಲ್ಲ."

"ಕೈ ತಾನಾಗೇ ಏಳಲ್ಲ, ನಾವು ಎತ್ಬೇಕು" ಎಂದು ಗುತ್ಯಮ್ಮ ಪೊರಕೆ ಕಸಿದುಕೊಂಡು ಉಳಿದರ್ಧ ಗುಡಿಸಿದಳು.

ಆಮೇಲೆ ಅದು ಕೈಯಲ್ಲಿ ಮಾತ್ರ ಉಳಿಯಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಬಸ್ಸಿನಲ್ಲಿ ನಿದ್ದೆ ಬಂದು ಇಳಿಯುವ ಜಾಗ ದಾಟುತ್ತಿತ್ತು. ಉಪ್ಪು ತರಲು ಒಳಗೆ ಹೋದವಳು ಯಾಕೆ ಬಂದೆ ಎಂದು ಡಬ್ಬಿಗಳ ಮುಂದೆ ನಿಂತಿರುತ್ತಿದ್ದಳು. ಪಾಠದ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಶಾಲೆಗೆ ಹೋಗಿ ಬಂದರೆ ಮಾರನೇ ದಿನ ಹಾಸಿಗೆ. ಇದರ ನಡುವೆ ಕೆಲವು ದಿನ ಏನೂ ಆಗದವಳ ಹಾಗೆ ನಗುತ್ತಾ ಓಡಾಡುತ್ತಿದ್ದಳು. ಅವಳಿಗೆ ಮುಳುವಾದದ್ದು ಆ ಒಳ್ಳೆಯ ದಿನಗಳೇ. ನಿನ್ನೆ ನಕ್ಕವಳು ಇವತ್ತು ಏಳುವುದಿಲ್ಲ ಎಂದರೆ ಯಾರು ನಂಬುತ್ತಾರೆ?

ಮೊದಲು ತೋರಿಸಿದ ಕಡೆ ರಕ್ತ ತೆಗೆದರು, ಎದೆಯ ಫೋಟೊ ತೆಗೆದರು. ಎಲ್ಲ ರಿಪೋರ್ಟೂ ನಾರ್ಮಲ್. ರಿಪೋರ್ಟು ನಾರ್ಮಲ್ ಎಂದ ಮೇಲೆ ಕೇರಿಗೆ ಡಾಕ್ಟರಾಗಲು ಅನುಮತಿ ಸಿಕ್ಕಿದ ಹಾಗೆ. ಚಂದ್ರಯ್ಯ ತಪ್ಪನ್ನು ಮೊಬೈಲಿನ ಮೇಲೆ ಹಾಕಿದ. ಶೇಷಮ್ಮ ದೃಷ್ಟಿಯ ಮೇಲೆ ಹಾಕಿದಳು. ಶಾಲೆಯ ಆಟದ ಮೇಷ್ಟ್ರು ಗಜಾನನ, "ಆಟದ ಪೀರಿಯಡ್ಡಿಗೆ ಸರಿಯಾಗಿ ಸುಸ್ತಾಗ್ತದೆ ನಿಮ್ಮ ಹುಡುಗಿಗೆ" ಎಂದು ಮಂಜುನಾಥಪ್ಪನ ಹತ್ತಿರ ನಕ್ಕ. ಆ ನಗು ಮನೆಯವರೆಗೂ ಬಂತು. ಕಾವ್ಯಾ ಕೇಳಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು.

ಕೊನೆಗೆ ಸಾಗರದ ಒಬ್ಬ ಮಕ್ಕಳ ಡಾಕ್ಟರು ಹುಡುಗಿಯನ್ನೇ ಕೂರಿಸಿಕೊಂಡು ಎಲ್ಲ ಕೇಳಿದರು. "ಸುಳ್ಳಲ್ಲ ಇದು" ಎಂದರು ಮೊದಲು. ಕಾವ್ಯಾ ಅಲ್ಲೇ ಅತ್ತುಬಿಟ್ಟಳು. "ಕೋವಿಡ್ ಬಂದು ಹೋದ ಮೇಲೂ ಕೆಲವು ಮಕ್ಕಳಿಗೆ ತಿಂಗಳುಗಟ್ಟಲೆ ಹೀಗೆ ಉಳೀತದೆ. ಲಾಂಗ್ ಕೋವಿಡ್ ಅಂತಾರೆ. ರಿಪೋರ್ಟಲ್ಲಿ ಕಾಣದೆ ಇರಬಹುದು. ನಿಧಾನಕ್ಕೆ ಕಮ್ಮಿ ಆಗ್ತದೆ, ಆದ್ರೆ ಅವಸರ ಮಾಡಂಗಿಲ್ಲ. ಚೆನ್ನಾಗಿದೀನಿ ಅಂತ ಒಂದು ದಿನ ಜಾಸ್ತಿ ಓಡಾಡಿದ್ರೆ ಆಮೇಲೆ ಬಿದ್ದುಬಿಡ್ತಾಳೆ. ಸುಸ್ತಾಗೋಕೆ ಮುಂಚೆನೇ ಕೂತ್ಕೋಬೇಕು."

ಗುತ್ಯಮ್ಮನಿಗೆ ತಡೆಯಲಾಗಲಿಲ್ಲ. "ಸುಸ್ತಾಗೋಕೆ ಮುಂಚೆ ಕೂರೋದಾ ಡಾಕ್ಟ್ರೇ? ಸುಸ್ತಾದ್ಮೇಲೂ ಕೂರದೆ ಇರೋರು ನಾವು."

"ನೀವು ಕೂರಬೇಡಿ ಅಮ್ಮ, ಅವಳು ಕೂರ್ಲಿ" ಎಂದರು ಡಾಕ್ಟರು.

ಬಸ್ಸಿನಲ್ಲಿ ವಾಪಸ್ ಬರುವಾಗ ಗುತ್ಯಮ್ಮ ಶ್ಯಾಮಲಾಳಿಗೆ ತನ್ನ ತೀರ್ಪು ಹೇಳಿದಳು: "ನೆಂಟ ಹೋದ, ಅವನ ಗಂಟು ಇಲ್ಲೇ ಉಳೀತು ಅಂತಾರಲ್ಲ ಇವ್ರು. ಗಂಟು ಉಳಿದ್ರೆ ಎತ್ತಿ ಹೊರಗಿಡೋದು ನನಗೆ ಗೊತ್ತದೆ." ಕೇರಿಗೆ ಬಂದವಳು ಶೇಷಮ್ಮನ ಎದುರಿಗೆ ಪಂಥವನ್ನೂ ಕಟ್ಟಿದಳು. ಸೀಗೆ ಹುಣ್ಣಿಮೆ, ಅಂದರೆ ಇಲ್ಲಿಯವರ ಭೂಮಿ ಹುಣ್ಣಿಮೆ ಬರುವಷ್ಟರಲ್ಲಿ ಕಾವ್ಯಾ ಮೊದಲಿನ ಹಾಗಾಗಿರುತ್ತಾಳೆ. ಅವಳೇ ಬುಟ್ಟಿಗೆ ಚಿತ್ತಾರ ಬರೆದು, ಅವಳೇ ತಲೆ ಮೇಲೆ ಹೊತ್ತು ಗದ್ದೆಗೆ ಬರುತ್ತಾಳೆ. "ಬರ್ದೆ ಇದ್ರೆ?" ಎಂದಳು ಶೇಷಮ್ಮ. "ಬರ್ದೆ ಇದ್ರೆ ಆ ಗೋಡೆಗೆ ಒರಗಿ ಕೂರ್ತೀನಿ, ನೋಡ್ಕಂಡು ಹೋಗು."

ಭೂಮಿ ಹುಣ್ಣಿಮೆ ಎಂದರೆ ಗುತ್ಯಮ್ಮನಂಥ ದೀವರ ಜನಾಂಗದ ಮನೆಗಳಲ್ಲಿ ದೊಡ್ಡ ಹಬ್ಬ. ಗದ್ದೆಯಲ್ಲಿ ಪೈರು ಹೊಡೆ ತುಂಬಿ, ಇನ್ನೇನು ತೆನೆ ಒಡೆಯುವ ಹಾಗೆ ನಿಂತಿರುತ್ತದೆ. ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕು. ಬಿದಿರ ಬುಟ್ಟಿಗಳಿಗೆ ಕೆಮ್ಮಣ್ಣು ಬಳಿದು, ಅರೆದ ಅಕ್ಕಿಯಿಂದ ಬಿಳಿ ಎಳೆಗಳ ಚಿತ್ತಾರ ಬರೆದು, ಬಗೆಬಗೆ ಸೊಪ್ಪಿನ ಅಡುಗೆ ತುಂಬಿ, ಬೆಳಕು ಹರಿಯುವ ಹೊತ್ತಿಗೆ ಗದ್ದೆಗೆ ಹೊತ್ತೊಯ್ದು ಬೀರಬೇಕು. ದೊಡ್ಡ ಬುಟ್ಟಿ ಮನೆಯ ಯಜಮಾನನ ತಲೆ ಮೇಲೆ. ಸಣ್ಣ ಬುಟ್ಟಿ ಕಾವ್ಯಾಳ ತಲೆ ಮೇಲೆ ಎಂದು ಗುತ್ಯಮ್ಮ ನಿಶ್ಚಯ ಮಾಡಿದಳು.

ಅಲ್ಲಿಂದ ಶುರುವಾಯಿತು ಚಿಕಿತ್ಸೆ. ಬೆಳಗ್ಗೆ ಅಂಗಳದಲ್ಲಿ ಎರಡು ಸುತ್ತು. ಮಧ್ಯಾಹ್ನ ಮಲಗುವ ಬದಲು ಹುರುಳಿ ಆರಿಸುವುದು. ಕಾವ್ಯಾ ಒಂದಕ್ಕೂ ಇಲ್ಲ ಎನ್ನಲಿಲ್ಲ. ಅಜ್ಜಿಯ ಮುಂದೆ ಸೋಲಬಾರದು ಎನ್ನುವ ಹಟ ಅವಳಿಗೂ ಇತ್ತು. ಅಜ್ಜಿಯ ಹಟವೇ ಅದು, ವಂಶಪಾರಂಪರ್ಯ. ಮಳೆ ಹೊಳವಾದ ಒಂದು ದಿನ ಅವಳು ನಗುತ್ತಾ ಎದ್ದದ್ದನ್ನು ನೋಡಿ ಗುತ್ಯಮ್ಮ, "ನಡಿ, ವರದಹಳ್ಳಿಗೆ ಹೋಗಿ ಬರಣ" ಎಂದು ಬಸ್ಸು ಹತ್ತಿಸಿದಳು. ಅಲ್ಲಿ ಗುಡ್ಡದ ಮೇಲಿನ ಆಶ್ರಮದ ಮೆಟ್ಟಿಲು ಪೂರ್ತಿ ಹತ್ತಿಸಿದಳು. ಹುಡುಗಿ ಹತ್ತಿದಳು, ಪ್ರಸಾದ ಉಂಡಳು, ವಾಪಸ್ ಬಂದು ಅಪ್ಪನಿಗೆ ಕಥೆ ಹೇಳಿದಳು. ಗುತ್ಯಮ್ಮ ಪಂಥ ಗೆದ್ದವಳ ಹಾಗೆ ಬೇಲಿ ಹತ್ತಿರ ಹೋಗಿ ಶೇಷಮ್ಮನಿಗೆ ಕೇಳುವಷ್ಟು ಜೋರಾಗಿ ಕೋಳಿಗಳನ್ನು ಕರೆದಳು.

ಮಾರನೇ ದಿನ ಕಾವ್ಯಾಳಿಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದಳು. ಶ್ಯಾಮಲಾ ಹೊಲಿಗೆ ಮಿಷನ್ನಿನ ಸದ್ದೂ ಬೇಡವೆಂದು ಕೆಲಸ ನಿಲ್ಲಿಸಿದಳು. ವಾರ ಕಳೆದರೂ ಹುಡುಗಿ ಏಳಲಿಲ್ಲ. ಮದುವೆಯಾಗಿ ಬಂದ ಲಾಗಾಯ್ತು ಅತ್ತೆಗೆ ಎದುರು ಮಾತಾಡದ ಶ್ಯಾಮಲಾ ಅವತ್ತು, "ಅತ್ತೆ, ನಿಮ್ಮ ಪಂಥ ನೀವೇ ಗೆದ್ಕಳಿ. ಅವಳನ್ನ ಬಿಟ್ಬಿಡಿ" ಎಂದಳು.

"ನಾನೇನು ಅವಳ ವೈರಿಯಾ?" ಎಂದಳು ಗುತ್ಯಮ್ಮ. ದನಿ ಏರಲಿಲ್ಲ. ಕೊಟ್ಟಿಗೆಗೆ ಹೋಗಿ ಬಹಳ ಹೊತ್ತು ಕೆಲಸವಿಲ್ಲದ ಕೆಲಸ ಮಾಡಿದಳು. ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ ಮೊಮ್ಮಗಳನ್ನು ನೋಡಿದಾಗೆಲ್ಲ ಅವಳಿಗೆ ಕಾಣುತ್ತಿದ್ದುದು ಬೇರೊಬ್ಬರು, ಕಾಫಿ ಹೊತ್ತಿಗೆ ಏಳದವರು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಶ್ಯಾಮಲಾ ಅರ್ಥ ಮಾಡಿಕೊಳ್ಳುತ್ತಿದ್ದಳೋ ಏನೋ.

ದಸರಾ ಕಳೆದು ಬುಟ್ಟಿ ಬರೆಯುವ ಹೊತ್ತಿಗೆ ಕಾವ್ಯಾ ಕೂರುವಷ್ಟಾಗಿದ್ದಳು. ಗುತ್ಯಮ್ಮ ಕೆಮ್ಮಣ್ಣು ಬಳಿದ ಸಣ್ಣ ಬುಟ್ಟಿಯನ್ನೂ ಪುಂಡಿ ನಾರಿನ ಕುಂಚವನ್ನೂ ಅವಳ ಮುಂದೆ ತಂದಿಟ್ಟಳು. "ಇದು ಓಡಾಟ ಅಲ್ವಲ್ಲ, ಕೂತು ಮಾಡೋದು" ಎಂದಳು, ಡಾಕ್ಟರು ಅಲ್ಲೇ ನಿಂತು ಕೇಳುತ್ತಿದ್ದಾರೆ ಎನ್ನುವ ಹಾಗೆ. ಕಾವ್ಯಾ ಬರೆಯತೊಡಗಿದಳು. ಏಣಿಯ ಚಿತ್ರ ಒಂದು ಚೆನ್ನಾಗಿ ಬಂತು. ಗೊಂಬೆಸಾಲು ಶುರು ಮಾಡಿದಾಗ ಎಳೆಗಳ ಲೆಕ್ಕ ತಪ್ಪಿತು. ಗುತ್ಯಮ್ಮ ಒದ್ದೆ ಬಟ್ಟೆಯಿಂದ ಒರೆಸಿ, "ಮತ್ತೆ ಬರಿ" ಎಂದಳು. ಮತ್ತೆ ತಪ್ಪಿತು. ಮತ್ತೆ ಒರೆಸಿದಳು. ಆಮೇಲೆ ಕಾವ್ಯಾ ಕುಂಚವನ್ನು ಬಟ್ಟಲಲ್ಲಿಟ್ಟು, "ನಾನು ಎಣಿಸ್ತಾ ಇರ್ತೀನಿ ಅಜ್ಜಿ, ನಡುವೆ ಎಲ್ಲಿಗೆ ಹೋಗ್ತದೋ ಗೊತ್ತಾಗಲ್ಲ" ಎಂದಳು. ಅಳಲಿಲ್ಲ. ಎದ್ದು ಒಳಗೆ ಹೋದಳು.

ಉಳಿದದ್ದನ್ನು ಗುತ್ಯಮ್ಮನೇ ಬಾಗಿಲು ಮುಂದೆ ಮಾಡಿಕೊಂಡು, ಯಾರಿಗೂ ಕಾಣದ ಹಾಗೆ ಬರೆದು ಮುಗಿಸಿದಳು. ಶೇಷಮ್ಮ ಬಂದು ನೋಡಿ, "ಯಾರು ಬರ್ದಿದ್ದು?" ಎಂದಾಗ, "ಇನ್ಯಾರು, ಕಾವ್ಯಾ" ಎಂದಳು. ಶೇಷಮ್ಮ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗುತ್ಯಮ್ಮನ ಎಳೆ ಯಾವುದು ಎಂದು ಆ ಕೇರಿಯಲ್ಲಿ ಕೂಸಿಗೂ ಗೊತ್ತು. ಆದರೂ ಏನೂ ಅನ್ನದೆ ಹೋದಳು. ಗೆಳತಿ ಎಂದರೆ ಹಾಗೆ.

ಹುಣ್ಣಿಮೆಯ ಬೆಳಗ್ಗೆ ಅಡುಗೆಯೆಲ್ಲ ಮುಗಿದು ಎರಡೂ ಬುಟ್ಟಿ ತುಂಬಿದ್ದವು. ಕೇರಿಯ ಬೇರೆ ಮನೆಗಳವರು ಆಗಲೇ ಗದ್ದೆ ದಾರಿ ಹಿಡಿದಿದ್ದರು. ಶ್ಯಾಮಲಾ ಮಗಳಿಗೆ ಲಂಗ ಉಡಿಸಿ ತಲೆ ಬಾಚಿದ್ದಳು. ಕಾವ್ಯಾ ಜಗಲಿಯ ಅಂಚಿನಲ್ಲಿ ಕೂತಿದ್ದಳು. ಮುಖ ಬಿಳಿಚಿತ್ತು. ಬುಟ್ಟಿ ಹೊರುತ್ತೇನೆ ಎಂದು ಅವಳೇ ಹೇಳಿದ್ದಳು. ಹೊತ್ತರೆ ಮತ್ತೆ ಎಷ್ಟೋ ದಿನ ಮಲಗಬೇಕಾಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು, ಶ್ಯಾಮಲಾಳಿಗೆ ಗೊತ್ತಿತ್ತು, ಅಷ್ಟು ಹೊತ್ತಿಗೆ ಗುತ್ಯಮ್ಮನಿಗೂ ಗೊತ್ತಿತ್ತು. ಆದರೆ ಆಡಿದ ಮಾತು ಅಂಗಳ ದಾಟಿ ಕೇರಿ ಸುತ್ತಿ ಬಂದಿತ್ತಲ್ಲ.

ಮಂಜುನಾಥಪ್ಪ ಮೂಲೆಯಿಂದ ಗುದ್ದಲಿ ತೆಗೆದುಕೊಂಡ. "ಗದ್ದೆಗೆ ಇಳಿಯೋ ಜಾಗ ಪಾಚಿ ಕಟ್ಟಿ ಜಾರ್ತದೆ. ಮಗಳು ಬೀಳ್ತಾಳೆ. ಎರಡು ಮೆಟ್ಲು ಕಡಿದು ಬರ್ತೀನಿ" ಎಂದ.

ಗುತ್ಯಮ್ಮ ಹಾರಿ ಬಂದು ಗುದ್ದಲಿಯ ಕಾವು ಹಿಡಿದುಕೊಂಡಳು. "ನಿಂಗೆ ತಲೆ ಸರಿ ಇದ್ಯನಾ? ಇವತ್ತು ಭೂಮಿಗೆ ಗುದ್ದಲಿ ಹಾಕ್ತಾರಾ ಯಾರಾದ್ರೂ? ಬಸುರಿ ಅವಳು. ವರ್ಷಪೂರ್ತಿ ದುಡಿದು ಸೋತು ಮಲಗಿದಾಳೆ. ಇವತ್ತೊಂದು ದಿನ ಅವಳನ್ನ ಮುಟ್ಟಬಾರ್ದು, ಎಬ್ಬಿಸಬಾರ್ದು, ಏನೂ ಕೇಳಬಾರ್ದು. ಅವಳಿಗೇ ಉಣ್ಣಿಸಿ ಬರ್ಬೇಕು."

ಜಗಲಿಯ ಅಂಚಿನಿಂದ ಕಾವ್ಯಾ ಮೆಲ್ಲಗೆ, ಅಜ್ಜಿಯ ಕಾಲೆಳೆಯುವಾಗಿನ ತನ್ನ ಹಳೇ ದನಿಯಲ್ಲಿ ಕೇಳಿದಳು: "ಭೂಮ್ತಾಯಿಗೆ ಸುಸ್ತು ಅಂತ ಹೆಂಗೆ ಗೊತ್ತಾಯ್ತು ಅಜ್ಜಿ? ರಿಪೋರ್ಟ್ ಮಾಡಿಸಿದ್ಯಾ?"

ಮಂಜುನಾಥಪ್ಪ ಬಂದ ನಗುವನ್ನು ನುಂಗಿಕೊಂಡ. ಗುತ್ಯಮ್ಮ ಗುದ್ದಲಿ ಹಿಡಿದುಕೊಂಡೇ ಗದ್ದೆಯ ಕಡೆ ತಿರುಗಿದಳು. ರಿಪೋರ್ಟು ಯಾರು ಕೇಳುತ್ತಾರೆ? ಅವಳ ಅವ್ವ ಹೇಳಿದ್ದಳು, ಅವ್ವನಿಗೆ ಅವಳ ಅವ್ವ. ನೋಡದೆ ನಂಬಿದ್ದರು. ಹಸುರಾಗಿ, ಚೆಂದವಾಗಿ, ಯಾವ ಕಾಯಿಲೆಯೂ ಇಲ್ಲದ ಹಾಗೆ ಕಾಣುವ ಗದ್ದೆಯನ್ನು ತೋರಿಸಿ, ಇವಳಿಗೆ ಸುಸ್ತಾಗಿದೆ ಎಂದರೆ ಹೌದು ಎಂದಿದ್ದರು. ಎದುರಿಗೆ ಕೂತು ಸುಸ್ತು ಎಂದು ಬಾಯಿಬಿಟ್ಟು ಹೇಳಿದ ಹುಡುಗಿಯನ್ನು ನಂಬಲು ಮಾತ್ರ ತನಗೆ ಇಷ್ಟು ತಿಂಗಳು ಬೇಕಾಯಿತು. ಗುತ್ಯಮ್ಮನಿಗೆ ನಾಚಿಕೆಯಾಯಿತು. ಆ ವಯಸ್ಸಿನಲ್ಲಿ ನಾಚಿಕೆ ಆಗುವುದು ಸುಲಭವಲ್ಲ, ಎಲ್ಲಿ ಮುಖ ಇಡುವುದೆಂದು ತಿಳಿಯುವುದಿಲ್ಲ.

ಅವಳು ಗುದ್ದಲಿಯನ್ನು ಮೂಲೆಗಿಟ್ಟಳು. ಸಿಂಬೆ ಸುತ್ತಿ ತನ್ನ ತಲೆಯ ಮೇಲಿಟ್ಟುಕೊಂಡು, ಶ್ಯಾಮಲಾಳಿಗೆ, "ಎತ್ತು ಸಣ್ಣ ಬುಟ್ಟಿ" ಎಂದಳು.

"ನಾನು ಬರ್ತೀನಿ ಅಜ್ಜಿ" ಎಂದು ಕಾವ್ಯಾ ಎದ್ದಳು.

"ಮಲಗು" ಎಂದಳು ಗುತ್ಯಮ್ಮ.

ಮನೆಯವರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಂತ ಅಂದೆ?" ಎಂದಳು ಕಾವ್ಯಾ.

"ಕಿವಿಗೂ ಕೋವಿಡ್ ಬಂತಾ? ಮಲಗು ಅಂದೆ. ಬಯಕೆ ಊಟ ತಂದುಕೊಡ್ತೀನಿ, ಅಲ್ಲೀವರೆಗೆ ಏಳಬ್ಯಾಡ" ಎಂದು ಅವಳು ತಿರುಗಿ ನೋಡದೆ ಅಂಗಳ ಇಳಿದಳು. ದೊಡ್ಡ ಬುಟ್ಟಿ ಹೊತ್ತು ಮಂಜುನಾಥಪ್ಪ ಹಿಂದೆ ಹೊರಟ.

ಗದ್ದೆಯ ಹತ್ತಿರ ಶೇಷಮ್ಮ ಕಾದು ನಿಂತಿದ್ದಳು. ಸಣ್ಣ ಬುಟ್ಟಿ ಯಾರ ತಲೆಯ ಮೇಲಿದೆ ಎಂದು ನೋಡಿದಳು. ಅವಳು ಕೇಳುವ ಮೊದಲೇ ಗುತ್ಯಮ್ಮ, "ನಾ ಸೋತೆ ಕಣೇ. ಬುಟ್ಟಿ ಬರ್ದಿದ್ದೂ ನಾನೇ" ಎಂದಳು.

"ಬುಟ್ಟಿ ಗೊತ್ತಿತ್ತು" ಎಂದಳು ಶೇಷಮ್ಮ. ಇಬ್ಬರೂ ಪೈರಿನ ಬುಡಕ್ಕೆ ಸೊಪ್ಪು ಬೇಯಿಸಿದ ಅಂಬಲಿ ಬೀರಿದರು.

ಪೂಜೆ ಮುಗಿದ ಮೇಲೆ ಗದ್ದೆಯಲ್ಲೇ ಕೂತು ಉಣ್ಣುವುದು ಪದ್ಧತಿ. ಗುತ್ಯಮ್ಮ ಉಣ್ಣಲಿಲ್ಲ. ಬಾಳೆ ಎಲೆಯಲ್ಲಿ ಕಡುಬು, ಅಮಟೆಕಾಯಿ ಗೊಜ್ಜು ಕಟ್ಟಿಕೊಂಡು ಮನೆಗೆ ಬಂದು, ಕಾವ್ಯಾ ಮಲಗಿದ್ದ ಚಾಪೆಯ ಪಕ್ಕ ಕೂತಳು. ತುದಿಗಾಲಲ್ಲಿ ಅಲ್ಲ, ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು. ಹಿಂದೆಯೇ ಬಂದ ಶೇಷಮ್ಮ ಬಾಗಿಲಲ್ಲಿ ನಿಂತು ಪಂಥದ ವಸೂಲಿ ಆಯಿತು ಎನ್ನುವ ಹಾಗೆ ನೋಡಿದಳು. ಅಜ್ಜಿ ಕಡುಬು ಮುರಿದು ಕೊಟ್ಟಳು, ಮೊಮ್ಮಗಳು ಮಲಗಿಕೊಂಡೇ ತಿಂದಳು. "ಬೆನ್ನು ತಿಂತಾ ಇದ್ಯಾ ಅಜ್ಜಿ ಗೋಡೆ?" ಎಂದು ಕೇಳಿದಳು. "ತಣ್ಣಗದೆ ಮಾರಾಯ್ತಿ. ಇಷ್ಟು ವರ್ಷ ದಂಡ ಆಯ್ತು" ಎಂದಳು ಗುತ್ಯಮ್ಮ.

ಆ ಮೇಲೆ ಅವಳು ಸುಮ್ಮನಾದಳು ಎಂದುಕೊಂಡರೆ ಗುತ್ಯಮ್ಮನನ್ನು ನೀವು ತಿಳಿದುಕೊಂಡಿಲ್ಲ. ಎಬ್ಬಿಸುವುದರಲ್ಲಿದ್ದ ಜೋರು ಮಲಗಿಸುವುದಕ್ಕೆ ಬಂತು, ಅಷ್ಟೆ. ಕಾವ್ಯಾ ಮಲಗಿದ ಹೊತ್ತಿನಲ್ಲಿ ಬೇಲಿಯಾಚೆ ಜೋರಾಗಿ ಮಾತಾಡಿದ ಚಂದ್ರಯ್ಯನಿಗೆ ಬೈಗುಳ ಬಿತ್ತು. ಶಾಲೆಗೆ ನಡೆದು ಹೋಗಿ ಗಜಾನನ ಮೇಷ್ಟ್ರ ಎದುರು ನಿಂತು, "ನಮ್ಮ ಹುಡುಗಿಗೆ ಸುಸ್ತಾದ್ರೆ ಕೂರಿಸಿ. ನಂಬಿಕೆ ಇಲ್ದಿದ್ರೆ ನನ್ನ ಕೇಳಿ, ನಾನು ಸುಸ್ತನ್ನ ನಂಬದೆ ಇರೋಳು, ನಾನೇ ನಂಬಿದೀನಿ" ಎಂದಳು. ಮೇಷ್ಟ್ರು ಅವಳಿಗೇ ಕುರ್ಚಿ ಹಾಕಿದರು. ಅವಳು ಕೂರಲಿಲ್ಲ. ಕಾವ್ಯಾ ವಾರದಲ್ಲಿ ಕೆಲವು ದಿನ, ಅದೂ ಅರ್ಧ ದಿನ, ಶಾಲೆಗೆ ಹೋದಳು. ಎಷ್ಟೋ ಪಾಠ ಹಿಂದೆ ಬಿತ್ತು, ಗೆಳತಿಯರು ಮುಂದೆ ಹೋದರು. ಅದಕ್ಕೆ ಅವಳು ಅತ್ತ ದಿನಗಳೂ ಇದ್ದವು. ಒಳ್ಳೆಯ ದಿನಗಳು ಒಂದೊಂದಾಗಿ ಹೆಚ್ಚಿದವು, ಆದರೆ ಯಾರ ಪಂಥಕ್ಕೂ ಕಾಯದೆ, ತಮಗೆ ಬೇಕಾದ ಹಾಗೆ.

ಮಾರನೇ ವರ್ಷ ಹುಣ್ಣಿಮೆ ಹತ್ತಿರ ಬಂದಾಗ ಸಣ್ಣ ಬುಟ್ಟಿ ತಾನೇ ಬರೆಯುತ್ತೇನೆ ಎಂದು ಕಾವ್ಯಾ ಕೇಳಿ ತೆಗೆದುಕೊಂಡಳು. ಇವತ್ತು ಒಂದು ಏಣಿ, ನಾಲ್ಕು ದಿನ ಬಿಟ್ಟು ಒಂದೆರಡು ಸಸಿ. ಹಬ್ಬದ ದಿನ ಬಂದರೂ ಬುಟ್ಟಿಯ ಅರ್ಧಭಾಗ ಬರಿಯ ಕೆಮ್ಮಣ್ಣಾಗಿಯೇ ಉಳಿದಿತ್ತು. ಕುಂಚ, ಬಟ್ಟಲು ಎಲ್ಲ ಗುತ್ಯಮ್ಮನ ಕೈಗೆ ಸಿಗುವ ಹಾಗೇ ಇದ್ದವು. ಅವಳು ಮುಟ್ಟಲಿಲ್ಲ. ಆ ಬುಟ್ಟಿಯನ್ನೇ ತಲೆಯ ಮೇಲಿಟ್ಟುಕೊಂಡು, ಇಡೀ ಕೇರಿ ನೋಡುವ ಹಾಗೆ, ಗದ್ದೆಗೆ ನಡೆದಳು.

"ಅರ್ಧ ಬರ್ದ ಬುಟ್ಟೀಲಿ ಉಣ್ಣಿಸ್ತಾರೇನೇ?" ಎಂದಳು ಶೇಷಮ್ಮ.

"ಉಳಿದಿದ್ದು ಆದಾಗ ಬರೀತಾಳೆ" ಎಂದಳು ಗುತ್ಯಮ್ಮ. "ಭೂಮ್ತಾಯಿಗೆ ಅವಸರ ಇಲ್ಲ. ಅವಸರ ಇದ್ದಿದ್ದು ನಂಗೆ."